ಗುಂಡಿಗಿಳಿದವರ ಕಿಸೆಯ ಕೀಲಿ

ಮಾವಾ,

ಅಳಿಯನ ನಮಸ್ಕಾರ. ಅಲ್ಲಿಯೂ ಕರೆಂಟು ಹೋಗುತ್ತದೆಯೇ? ಹೋಗುವಂತಿದ್ದರೆ ನೀವು ಇಷ್ಟರಲ್ಲೇ ಸ್ವರ್ಗದ ನೆಲ ಅಗೆಸಿರುತ್ತೀರಿ.

ಬಳ್ಳಾರಿಯ ಬಿಸಿಲಲ್ಲಿ ನನ್ನನ್ನು ಮೊದಲ ಸಲ ಕೇಬಲ್ ದೋಷ ಹುಡುಕುವ ವ್ಯಾನಿಗೆ ಹತ್ತಿಸಿಕೊಂಡಿರಿ, ನೆನಪಿದೆಯೇ? ಸಾಲಾಗಿ ನಿಂತ ಕೆಪಾಸಿಟರ್ ಡಬ್ಬಗಳನ್ನು ತೋರಿಸಿ ಅಂದಿರಿ: “ಇವು ಕರೆಂಟ್ ಸಾವಕಾಶ ನುಂಗ್ತಾವ, ಒಮ್ಮೆಲೇ ಉಗುಳ್ತಾವ. ನೆಲದಾಗ ಕೇಬಲ್ ಎಲ್ಲಿ ಕೆಟ್ಟೈತಿ, ಅಲ್ಲಿ ಧಪ್ ಅಂತೈತಿ.” ನಿಮ್ಮ ಸಿಟ್ಟಿನ ಸರ್ಕ್ಯೂಟೂ ಅದೇ ಎಂಬುದು ಮದುವೆಯ ಮಾತುಕತೆಯಲ್ಲೇ ನನಗೆ ತಿಳಿದಿತ್ತು! ಆಮೇಲೆ ನಿಮ್ಮ ಕಾನೂನು: ಕೇಬಲ್ ಮುಟ್ಟಲು ಗುಂಡಿಗಿಳಿದವರ ಕಿಸೆಯಲ್ಲೇ ವ್ಯಾನಿನ ಯಂತ್ರದ ಕೀಲಿ. ಅವರು ಮೇಲೆ ಬರುವ ತನಕ ಯಾರೂ...

ಹೋದ ವಾರ ಸಿರುಗುಪ್ಪದಲ್ಲಿ ಆಸ್ಪತ್ರೆಯ ಕೇಬಲ್ ಕೆಟ್ಟಿತು. ಜನರೇಟರ್ ಕೆಮ್ಮುತ್ತಿತ್ತು, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ದಿನ ತುಂಬದ ಕೂಸು. ರೈಸ್ ಮಿಲ್ಲಿನ ಗೋಡೆಯ ಬಳಿ ಧಪ್ ಕೇಳಿಸಿತು, ಅಗೆಸಿದೆವು. ಯಂತ್ರ ಆರಿಸಿ, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಕೋಲು ಸಿಕ್ಕಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಗುಂಡಿಗಿಳಿದವಳು ನಿಮ್ಮ ಮಗಳು ಗಿರಿಜಾ. ಹೌದು ಮಾವಾ, ಕೇಬಲ್ ಜೋಡಿಸುವ ಕೆಲಸ ಈಗ ಅವಳದು.

ನಾನು ಭತ್ತದ ಟ್ರ್ಯಾಕ್ಟರೊಂದನ್ನು ತಡೆಯಲು ರಸ್ತೆಗೆ ಹೋದೆ. ಹಿಂದೆ ವ್ಯಾನು ಗುಂಯ್‌ಗುಟ್ಟಿತು. ಕೀಲಿ ಗುಂಡಿಯೊಳಗಿರುವಾಗ? ಓಡಿದೆ. ಅಂದೇ ಚಾರ್ಜ್ ತೆಗೆದುಕೊಂಡ ಹೊಸ ಸೂಪರ್‌ವೈಸರ್, ತನ್ನ ಬಳಿಯಿದ್ದ ಇನ್ನೊಂದು ಕೀಲಿ ತಿರುವಿ ಯಂತ್ರಕ್ಕೂ ಚಾರ್ಜ್ ಕೊಡುತ್ತಿದ್ದ. ಕೋಲು ಪಕ್ಕದಲ್ಲಿ ಬಿದ್ದಿತ್ತು.

“ಏನ್ ಮಾಡಾಕತ್ತೀರಿ?”

“ಜಾಗ ಖಾತ್ರಿ ಆಗ್ಲಿ ಅಂತ ಇನ್ನೊಂದ್ ಏಟು ಹೊಡೀತೀನ್ರಿ. ಗುಂಡ್ಯಾಗ ಯಾರೂ ಇಲ್ಲಲ್ಲ?”

ನೆರಳಿಗೆ ಕಟ್ಟಿದ ತಾಡಪತ್ರಿ ಅವಳನ್ನು ಮರೆಮಾಡಿತ್ತು. ಮೀಟರಿನ ಮುಳ್ಳು ಏರುತ್ತಿತ್ತು. ಕೂಗಿದರೆ ಮಿಲ್ಲಿನ ಸದ್ದಿನಲ್ಲಿ ಅವಳಿಗೆಲ್ಲಿ... ಯಂತ್ರ ನಿಲ್ಲಿಸುವ ಕೆಂಪು ಸ್ವಿಚ್ಚನ್ನು ಗುದ್ದಿ ಡಬ್ಬಗಳಿಗೆ ಕೋಲು ತಾಗಿಸಿದೆ. ಚಟ್! ನೀಲಿ ಕಿಡಿ. ಮತ್ತೊಮ್ಮೆ ತಾಗಿಸಿದೆ, ಖಾಲಿಯಾದಂತೆ ನಟಿಸಿ ತುಸು ಉಳಿಸಿಕೊಳ್ಳುವುದು ಕೆಪಾಸಿಟರಿನ ಹುಟ್ಟುಗುಣವಲ್ಲವೇ?

ಕೋಲನ್ನು ಅಲ್ಲೇ ಸಿಕ್ಕಿಸಿ ಹೋಗಿ ತಾಡಪತ್ರಿ ಸರಿಸಿದೆ. ಗಿರಿಜಾ ತಲೆಯೆತ್ತಿದಳು. “ಯಾಕ್ರೀ, ಮಾರಿ ಸುಣ್ಣ ಬಳದಂಗ ಆಗೇತಿ?”

ಹಿಂದೆಯೇ ಬಂದಿದ್ದ ಸೂಪರ್‌ವೈಸರೇ ತೊದಲುತ್ತ ನಡೆದದ್ದು ಹೇಳಿದ. ಅವಳು ಕೈ ಚಾಚಿದಳು: “ಆ ಕೀಲೀನೂ ಇತ್ತ ಕೊಡ್ರಿ.” ಎರಡನ್ನೂ ಇಟ್ಟುಕೊಂಡು ಮತ್ತೆ ಇಳಿದಳು. ಜನರೇಟರ್ ನಿಲ್ಲುವ ಮೊದಲೇ ಆಸ್ಪತ್ರೆಗೆ ಕರೆಂಟು ಬಂತು. ಕೂಸು ಚೆನ್ನಾಗಿದೆ.

ಮರುದಿನ ಆಫೀಸಿಗೆ ಹೋಗಿ, “ಯಂತ್ರದ ಹತ್ರ ಯಾರ್ ನಿಂದರಬೇಕು ಅಂತ ನಾನಽ ಹೇಳಾಕಿ. ಇಲ್ಲಾಂದ್ರ ಇಳಿಯಂಗಿಲ್ಲ” ಎಂದಳು. ಈಗ ವ್ಯಾನಿಗೆ ಅವಳೇ ಯಜಮಾನಿ, ಮಾವಾ. ನಾಳೆ ಕುರುಗೋಡಿನಲ್ಲಿ ಕೆಲಸ. ನನಗೂ ಹುಕುಂ ಆಗಿದೆ: “ನಾ ಮ್ಯಾಲ ಬರೂತನಕ ವ್ಯಾನಿನ ಬಾಗಲಾಗ ನಿಂದರ್ರಿ. ಟ್ರ್ಯಾಕ್ಟರ್ ಬರ್ಲಿ, ಮಂತ್ರಿ ಬರ್ಲಿ, ಕದಲಬ್ಯಾಡ್ರಿ.”

ನಿಲ್ಲುತ್ತೇನೆ.

ನಿಮ್ಮ ಅಳಿಯ