ಒಪ್ಪಿಸಿದರು

೧೪ ನವೆಂಬರ್ ೨೦೨೩, ಮಂಗಳವಾರ, ಗೈದರ್ಸ್‌ಬರ್ಗ್

ಆ ಒಂದು ಮಾತು ಮಧ್ಯಾಹ್ನದಿಂದ ನನ್ನನ್ನು ಬಿಡುತ್ತಿಲ್ಲ.

ನಮ್ಮ ಯಜಮಾನರು, ಇವರು, ಬರೆದಿಟ್ಟು ಹೋದ ವೇದಕಾಲದ ಕೊಲೆಯ ಕಾದಂಬರಿ ಇವತ್ತು ಟೈಪ್ ಮಾಡಿ ಮುಗಿಯಿತು. ಯಾಗಶಾಲೆಯಲ್ಲಿ ಪುರೋಹಿತ ಉಸಿರುಗಟ್ಟಿ ಸತ್ತಿದ್ದಾನೆ, ಮೈಮೇಲೆ ಒಂದು ಗಾಯವೂ ಇಲ್ಲ. ಯಜ್ಞದ ಪಶುವಿನ ಉಸಿರುಗಟ್ಟಿಸುವವರು ‘ಕೊಂದೆವು’ ಎನ್ನುವುದಿಲ್ಲವಂತೆ, ‘ಒಪ್ಪಿಸಿದೆವು’ ಎನ್ನುತ್ತಾರಂತೆ, ಪಶುವೇ ಒಪ್ಪಿಕೊಂಡಿತು ಎಂಬಂತೆ. ವಿಚಾರಣೆಯಲ್ಲಿ ಎಲ್ಲರೂ ಪುರೋಹಿತನನ್ನು ಯಾರೋ ಕೊಂದರು ಎನ್ನುವಾಗ ಒಬ್ಬ ಮಾತ್ರ ಬಾಯಿತಪ್ಪಿ ‘ಒಪ್ಪಿಸಿದರು’ ಎಂದುಬಿಡುತ್ತಾನೆ. ಪೆದ್ದ, ಒಂದೇ ಮಾತಿಗೆ ಸಿಕ್ಕಿಬಿದ್ದ ಎಂದು ನಕ್ಕೆ.

ಅಷ್ಟರಲ್ಲಿ ಏಪೆಕ್ಸ್ ಊರಿನಿಂದ ಇವರ ಹಳೆಯ ಸ್ನೇಹಿತರ ಮಗಳು ನಂದಿತಾ ಫೋನ್ ಮಾಡಿದಳು. ಇವರು ತೀರಿಕೊಂಡದ್ದು ಅವಳಿಗೆ ಈಗಷ್ಟೇ ಗೊತ್ತಾಯಿತಂತೆ.

“ಆಂಟಿ, ಅಂಕಲ್‌ಗೆ ಕೊನೇಲಿ ಏನಾಯ್ತು?”

“ತುಂಬಾ ಕಷ್ಟಪಡ್ತಿದ್ರಮ್ಮ. ದೇವ್ರಿಗೆ ಒಪ್ಪಿಸಿಬಿಟ್ವಿ.”

ಎಂಟು ತಿಂಗಳಿಂದ ಎಲ್ಲರಿಗೂ ಹೀಗೆಯೇ ಹೇಳುತ್ತಿದ್ದೇನೆ.

ವೆಂಟಿಲೇಟರ್ ತೆಗೆಯಲು ಸಹಿ ಹಾಕಿದವಳು ನಾನು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜ. ಆದರೂ ಸಹಿಗೆ ಮೊದಲು ಇವರ ಕೈ ಹಿಡಿದು ಕೇಳಿದ್ದೆ, “ತೆಗೆಸಿಬಿಡ್ಲಾ?” ಬೆರಳು ಒಮ್ಮೆ ಅಲುಗಿತು. ಒಪ್ಪಿದರು ಎಂದುಕೊಂಡೆ.

ಬೇಡ ಎಂದು ಅಲುಗಿಸಿದ್ದರೆ?