ಸಾಹೇಬರ ಫೋಟೋ

ಮಂಗಳವಾರ, ರಾತ್ರಿ

ವೆಬ್‌ಸೈಟ್ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಮೂರು ಲೋಕದಲ್ಲೂ ಇಲ್ಲ. ಆದರೂ ಇಂದು ಸೋತೆ. ಸೋತ ಖುಷಿಗೆ ನಿದ್ದೆಯೇ ಹತ್ತುತ್ತಿಲ್ಲ!

ವಿಶ್ವವಿದ್ಯಾಲಯದ ಕಚೇರಿಗೆ ತಂಗಿಯ ಮಗಳು ಹೊಸ ವೆಬ್‌ಸೈಟ್ ಮಾಡಿದ್ದಾಳೆ. ಹಳೆಯದರಲ್ಲಿ ಪುಟದ ತುಂಬ ಕುಲಸಚಿವ ಸಾಹೇಬರ ಫೋಟೋ; ಅಂಕಪಟ್ಟಿಯ ಅರ್ಜಿ ಎಲ್ಲೋ ಅವರ ಪಾದದಡಿ. ಇವಳು ಫೋಟೋವನ್ನೇ ಕಿತ್ತುಹಾಕಿದ್ದಳು.

"ತಲೆ ಕೆಟ್ಟಿದೆಯೇನೇ? ಅವರು ಒಪ್ಪಲ್ಲ, ನಿನ್ನ ಕೆಲಸ ಹೋಗುತ್ತೆ" ಎಂದು ಪಂದ್ಯ ಕಟ್ಟಿದ್ದೆ.

ಇಂದು ನಾನು ಸಾಹೇಬರ ಕೋಣೆಯ ಬಾಗಿಲಲ್ಲೇ ನಿಂತು ನೋಡಿದೆ. ಇವಳು ಅವರನ್ನು ಹಳೆಯ ಪುಟದ ಮುಂದೆ ಕೂರಿಸಿ, "ಅಂಕಪಟ್ಟಿಗೆ ನೀವೇ ಅರ್ಜಿ ಹಾಕಿ ಸರ್" ಎಂದಳು. ಅವರು ಹುಡುಕಿ ಹುಡುಕಿ ಬೆವರಿದರು. ಕೊನೆಗೆ ತಮ್ಮ ಫೋಟೋದ ಮೂಗಿಗೇ ಬೆರಳಿಟ್ಟು, "ಈ ಮನುಷ್ಯನ್ನ ಮೊದಲು ತೆಗಿಯಮ್ಮಾ!" ಎಂದರು.

ಹೊರಗೆ ಬಂದವಳೇ ಕೈಚಾಚಿದಳು: "ಪಂದ್ಯದ ದುಡ್ಡು ಬಿಚ್ಚು ಮಾಮಾ!"

ಹೆಂಡತಿಗೆ ನೂರು ಹೋಯಿತು ಎಂದಿದ್ದೇನೆ. ಹೋದದ್ದು ಎರಡು ಸಾವಿರ.