ತಿರುಗದ ಬೆನ್ನು

ಅಪ್ಪಾ,

ನಿನ್ನನ್ನು ಮಣ್ಣು ಮಾಡಿ ಈಗಷ್ಟೇ ಬಂದೆ. ನಿನ್ನ ಬಿಳಿ ತಾಯಿಯ ಊರು ಒಹಾಯೊದಿಂದ ನಿನ್ನ ಹೆಣದ ಜೊತೆ ಮಾರ್ಲಿಸ್ ಬಂದಿದ್ದಳು, ನಿನ್ನ ಸೋದರಮಾವನ ಮೊಮ್ಮಗಳು. ವಂಶವೃಕ್ಷ ಬರೆಯುತ್ತಿದ್ದಾಳಂತೆ, ನಮ್ಮ ಶಾನೀ ಬುಡಕಟ್ಟಿನವರನ್ನೂ ಸೇರಿಸಿ. "ಶಾನೀ ಕೊಂಬೆ ಪೂರ್ತಿ ಖಾಲಿ ಕಣೇ, ನಿಂದೊಂದು ಮುಖ ಬೇಕು" ಅಂದಳು, ಹಣ್ಣು ಕೇಳಿದ ಹಾಗೆ.

ನಿನ್ನಕ್ಕ ವರ್ಲೀನತ್ತೆ ಬಿಡಲಿಲ್ಲ, ಎಲ್ಲ ನಮ್ಮ ಶಾನೀ ಪದ್ಧತಿಯಂತೆಯೇ ಆಯಿತು. ಗುಂಡಿಗೆ ಹೊಗೆಸೊಪ್ಪು ಉದುರಿಸಿ ಹೊರಟೆವು. ಹೊರಟ ಮೇಲೆ ಹಿಂತಿರುಗಿ ನೋಡಬಾರದು, ನಿನಗೆ ಗೊತ್ತಲ್ಲ.

ಅಷ್ಟರಲ್ಲಿ ಹಿಂದಿನಿಂದ ಮಾರ್ಲಿಸ್ ಕೂಗಿದಳು: "ಏ, ಈ ಕಡೆ ತಿರುಗೇ! ಒಂದೇ ಫೋಟೋ!"

ಗೇಟಿನ ಹತ್ತಿರದಿಂದ ಅತ್ತೆ ಗದರಿದಳು: "ತಿರುಗಿದ್ರೆ ನೀನೂ ಅವನ ಹಿಂದೆ ಹೋಗ್ತೀಯ. ಸುಮ್ನೆ ನಡಿ!"

"ಅವರು ನಮ್ಮೋರೂ ಅಲ್ವಾ ಅತ್ತೆ?" ಮಾರ್ಲಿಸ್ ಅಳುತ್ತಿದ್ದಳು.

"ಇದ್ದಾಗ ನೀವಿಟ್ಕೊಂಡ್ರಲ್ಲ. ಸತ್ತ ಮೇಲೆ ನಮ್ಮೋನು!"

ನಾನು ತಿರುಗಲೂ ಇಲ್ಲ, ನಡೆಯಲೂ ಇಲ್ಲ. ಅಡಕತ್ತರಿಯಲ್ಲಿ ಸಿಕ್ಕಂತೆ ಅಲ್ಲೇ ನಿಂತುಬಿಟ್ಟೆ.

ಆಮೇಲೆ ಮಾರ್ಲಿಸ್ ಫೋಟೋ ತೋರಿಸಿದಳು. ಅದರಲ್ಲಿ ಬರೀ ನನ್ನ ಬೆನ್ನು. "ಥೇಟ್ ನಿಮ್ಮಪ್ಪಂದೇ" ಅಂದಳು.

ಆ ಬೆನ್ನು ನನಗೆ ಗೊತ್ತಪ್ಪ. ನೀನು ಒಹಾಯೊಗೆ ಹೊರಟ ದಿನ, ರಸ್ತೆ ಕೊನೆಯವರೆಗೂ ಅದನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದೆ. ನೀನು ತಿರುಗಲಿಲ್ಲ.

ಅವತ್ತು ನಮ್ಮನೇಲಿ ಯಾರೂ ಸತ್ತಿರಲಿಲ್ಲ.